ಹೆಂಚಿನ ಮೇಲೆ ಹಾಲುಹಲ್ಲು

ಟಕ್...

ನಡುರಾತ್ರಿ ಹೆಂಚಿನ ಮೇಲಿಂದ ಏನೋ ಉರುಳಿ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಬಿತ್ತು. ಬೆಕ್ಕು ಆಕಳಿಸಿದರೂ ಎಚ್ಚರಾಗುವ ಸುಷ್ಮಾ, ಟಾರ್ಚ್ ಹಿಡಿದು ಹಿತ್ತಲಿಗೆ ಬಂದಳು.

ಸಗಣಿಯ ಪುಟ್ಟ ಉಂಡೆ. ಒಡೆದು ನೋಡಿದರೆ ಒಳಗೆ... ಮಗುವಿನ ದವಡೆ ಹಲ್ಲು!

ಓಡಿಹೋಗಿ ಫ್ರಿಜ್ ತೆಗೆದಳು. ದೋಸೆ ಹಿಟ್ಟಿನ ಪಕ್ಕ ಇಟ್ಟಿದ್ದ, ಚಂದ್ರಮೌಳಿ ಕೊಟ್ಟ ಹಲ್ಲಿನ ಬಾಟಲಿ ಇರಲಿಲ್ಲ. ಸಿಂಕಿನ ಪಕ್ಕ ತೊಳೆದು ಬೋರಲು ಹಾಕಿತ್ತು!

"ಅಮ್ಮಾ! ಇದರಲ್ಲಿದ್ದ ಹಲ್ಲೆಲ್ಲಿ?"

ಪ್ರೇಮಲೀಲಾ ಮಗ್ಗುಲು ಬದಲಿಸಿದರು. "ಸಂಜೆನೇ ಸಗಣೀಲಿಟ್ಟು ಸೂರಿನ ಮೇಲೆ ಎಸೆದ್ಬುಟ್ಟೆ ಕಣೆ. ಯಾರ ಮಕ್ಕಳದೋ, ಪಾಪ! ಬಾಟಲೀಲಿ ಕೂಡಿಹಾಕಿದ್ರೆ ಹೊಸ ಹಲ್ಲು ಹೆಂಗೆ ಬರತ್ತೆ? ಮಲಕ್ಕೋ."

ಸುಷ್ಮಾ ಇಂಜಿನಿಯರಿಂಗ್ ಕಾಲೇಜಿನ ಲ್ಯಾಬಿನಲ್ಲಿ ಕಾಂಕ್ರೀಟ್ ತುಂಡುಗಳನ್ನು ಮಿಷಿನ್ನಿಗಿಟ್ಟು ಒಡೆದು, ಗಟ್ಟಿತನ ಅಳೆಯುವವಳು. ಮಕ್ಕಳ ದಂತವೈದ್ಯಕೀಯ ಓದುತ್ತಿದ್ದ ಚಂದ್ರಮೌಳಿ ಒಂದು ದಿನ ಅಲ್ಲಿಗೆ ಬಂದು ಅಂಗೈ ಬಿಚ್ಚಿದ್ದ.

"ಮೇಡಂ, ಇವನ್ನೂ ಒಡೀಬೇಕಿತ್ತು."

ಕಿತ್ತ ಹಾಲುಹಲ್ಲುಗಳು! ನರದ ಚಿಕಿತ್ಸೆ ಮಾಡಿ ತುಂಬಿದ ಹಲ್ಲು ಎಷ್ಟು ಭಾರ ತಾಳುತ್ತದೆ? ಬರೀ ಫಿಲ್ಲಿಂಗ್ ಸಾಕೇ, ಮೇಲೆ ಸ್ಟೀಲ್ ಕ್ಯಾಪ್ ಬೇಕೇ? ಅದೇ ಅವನ ಪ್ರಬಂಧ. ಅವಳು ಕಿರುಚಿದ್ದಳು, ಅವನು ನಕ್ಕಿದ್ದ. ಆಮೇಲೆ ಅವನು ಬರದ ದಿನ ಲ್ಯಾಬು ಖಾಲಿ ಅನ್ನಿಸತೊಡಗಿತ್ತು.

ಬೆಳಿಗ್ಗೆ ಅಸಲಿ ಪರೀಕ್ಷೆ. ಲ್ಯಾಬಿನಲ್ಲಿ ಫ್ರಿಜ್ ಇಲ್ಲವೆಂದು ಬಾಟಲಿಯನ್ನು ಅವಳೇ ಮನೆಗೆ ತಂದಿದ್ದಳು. ಪರೀಕ್ಷೆ ಮುಗಿದರೆ ಅವನು ಬರುವುದೂ ಮುಗಿಯಿತು ಎಂಬ ಸಂಕಟವೇ ಸಾಕಿತ್ತು... ಈಗ ಇದು!

'ನಾನೇ ಬೇಕಂತ ಮಾಡಿದೆ ಅಂದ್ಕೊಂಡ್ರೆ?'

ಬೆಳಗಾಗುತ್ತಲೇ ಪ್ರೇಮಲೀಲಾ ಹಾಲು ತರಲು ಹೋದರು. ಬಾಟಲಿ ಒಯ್ಯಲು ಚಂದ್ರಮೌಳಿಯ ಸ್ಕೂಟರ್ ಬಂತು. ಸುಷ್ಮಾ ಒಂದೇ ಉಸಿರಿನಲ್ಲಿ ಎಲ್ಲ ಹೇಳಿದಳು. ಅವನು ಏಣಿ ಹತ್ತಿದ. ಉಂಡೆಗಳನ್ನು ಬಿಡಿಸಿ ಬಿಡಿಸಿ ನೋಡಿದ. ಇದ್ದಕ್ಕಿದ್ದಂತೆ ನಗತೊಡಗಿದ!

"ಕ್ಯಾಪ್ ಹಾಕಿದ್ದೆಲ್ಲ ಗುಂಡುಕಲ್ಲಿನ ಹಾಗಿದೆ. ಬರೀ ತುಂಬಿದ್ದರಲ್ಲಿ ಒಂದು ಸೀಳಿದೆ. ನಿಮ್ಮಮ್ಮ ನಿಮ್ಮ ಮಿಷಿನ್‌ಗಿಂತ ಜೋರು ಕಣ್ರೀ!"

"ತಮಾಷೆ ಬೇಡ. ಇವು ಪರೀಕ್ಷೆಗೆ ಬರ್ತವಾ?"

"ಇಲ್ಲ. ಕಾಣದ ಬಿರುಕಿದ್ರೆ ಲೆಕ್ಕವೆಲ್ಲ ಸುಳ್ಳಾಗತ್ತೆ. ಮೊದಲಿಂದ ಹಲ್ಲು ಕೂಡಿಸ್ಬೇಕು. ಇನ್ನಾರು ತಿಂಗಳು."

ಅವಳ ಕಣ್ಣು ತುಂಬಿತು. "ನನ್ನಿಂದ ನಿಮಗೆ..."

"ಸುಷ್ಮಾ..." ಮೊದಲ ಸಲ ಅವನು ಮೇಡಂ ಬಿಟ್ಟ. "ರಾತ್ರಿ ನನಗೂ ನಿದ್ದೆಯಿಲ್ಲ. ನಾಳೆಯಿಂದ ನಿಮ್ಮ ಲ್ಯಾಬಿಗೆ ಬರೋಕೆ ಏನು ನೆಪ ಹೇಳಲಿ ಅಂತ. ನಿಮ್ಮಮ್ಮ ಪುಣ್ಯ ಕಟ್ಕೊಂಡ್ರು!"

"ಆರು ತಿಂಗಳಾದ ಮೇಲೆ?" ಏಣಿ ಹಿಡಿದಿದ್ದವಳು ತಲೆಯೆತ್ತಿ ಕೇಳಿದಳು.

"ಆಮೇಲೆ ನೆಪ ಯಾಕೆ? ಹೆಣ್ಣು ಕೇಳೋಕೆ ಮನೆಗೇ ಬರ್ತೀನಿ. ಬರ್ಲಾ?"

ಗೇಟು ಕಿರ್ರೆಂದಿತು. "ಯಾರೇ ಅದು ಏಣಿ ಮೇಲೆ?"

"ಹೆಂಚು... ಹೆಂಚು ನೋಡೋಕೆ ಬಂದಿದಾರಮ್ಮ!"

"ನೋಡ್ಕೊಂಡು ತುಳಿಯಪ್ಪ, ಮಕ್ಕಳ ಹಲ್ಲಿವೆ. ಅವಕ್ಕೆ ಹೊಸ ಹಲ್ಲು ಬರ್ಲಿ, ನಮ್ಮ ಹುಡುಗಿಗೂ ಒಂದು ಗಂಡು ಬರ್ಲಿ ಅಂತ ಬೇಡ್ಕೊಂಡು ಎಸ್ದಿದೀನಿ!" ಎನ್ನುತ್ತಾ ಪ್ರೇಮಲೀಲಾ ಒಳಗೆ ಹೋದರು.

ಜೇಬಿನ ತುಂಬ ಹಲ್ಲು ಹೊತ್ತವನು ನಗು ತಡೆಯಲಾರದೆ ಒದ್ದಾಡಿದ. "ಹೇಳಿಬಿಡ್ಲಾ, ಬೇಡಿಕೆ ಫಲಿಸ್ತು ಅಂತ?"

"ಬೇಡ. ಹಲ್ಲಿನ ವಿಷಯ ತಿಳಿದ್ರೆ ಅಮ್ಮ ನೊಂದ್ಕೋತಾರೆ."

"ನಮ್ಮ ಗೈಡ್ ಕೇಳಿದ್ರೆ?"

"ಬಿದ್ದು ಹಾಳಾದ್ವು ಅನ್ನಿ. ಎಲ್ಲಿಂದ ಬಿದ್ವು ಅಂತ ಮಾತ್ರ... ಯಾರಿಗೂ ಬೇಡ."

"ಸರಿ. ಮತ್ತೆ ನಾನು ಕೇಳಿದ್ದು?"

ಅವಳು ತಲೆ ತಗ್ಗಿಸಿದಳು. "ಬನ್ನಿ... ಸಗಣಿ ಕೈ ತೊಳ್ಕೊಂಡು."