ತೂತು ಬಿದ್ದ ಫೋನಿಗೆ ಹೊಸ ಸ್ಕ್ರೂ

ಮಂಗಳವಾರ ಬೆಳಿಗ್ಗೆ 10.20ಕ್ಕೆ ಠಾಣೆಯ ಮೆಟ್ಟಿಲು ಹತ್ತಿದ ಬ್ಯಾಂಕ್ ಗುಮಾಸ್ತರ ದೂರು ಕೇಳಿ ಇನ್ಸ್‌ಪೆಕ್ಟರ್ ಸಾಹೇಬರು ಪೆನ್ನಿನ ಕ್ಯಾಪ್ ತೆಗೆದವರು ಮತ್ತೆ ಹಾಕಿದರು. ಇಪ್ಪತ್ನಾಲ್ಕು ವರ್ಷದ ಸರ್ವಿಸಿನಲ್ಲಿ ಅವರು ಏನೇನೋ ದೂರು ಬರೆಸಿಕೊಂಡಿದ್ದರು. ಪಕ್ಕದ ಮನೆಯ ಗಿಣಿ ತನ್ನನ್ನು ನೋಡಿ ಬೈಯುತ್ತದೆ ಎಂದು ಬಂದವರನ್ನೂ ಕೂರಿಸಿ ನೀರು ಕೊಟ್ಟು ಕಳಿಸಿದ್ದರು. ಆದರೆ ಯಾರೋ ನನಗೆ ಏನೋ ಕೊಟ್ಟಿದ್ದಾರೆ, ಅವರನ್ನು ಹಿಡಿಯಿರಿ ಎಂದವರು ಇವರೇ ಮೊದಲು.

ಗುಮಾಸ್ತರು ಮೇಜಿನ ಮೇಲೆ ಒಂದು ಲಕೋಟೆ ಇಟ್ಟರು. ಒಳಗೆ ಉಗುರಿನಷ್ಟು ದೊಡ್ಡ ಮೆಮೊರಿ ಕಾರ್ಡು, ಜೊತೆಗೆ ಒಂದು ಚೀಟಿ. 'ನಿಮ್ಮ ತಂದೆಯವರ ದನಿ ಇದರಲ್ಲಿದೆ. ಫೋನಿನಲ್ಲಿ ಈಗ ಏನೂ ಉಳಿದಿಲ್ಲ.' ಸಹಿ ಇಲ್ಲ, ಹೆಸರಿಲ್ಲ.

ಅವರ ತಂದೆ ಎಂಟು ತಿಂಗಳ ಹಿಂದೆ ಕ್ಯಾನ್ಸರಿನಿಂದ ತೀರಿಕೊಂಡಿದ್ದರು. ಹೋದ ತಿಂಗಳು ಇವರು ಆ ಹಳೆ ಫೋನನ್ನು ಬ್ಯಾಂಕಿನ ಬಾಗಿಲಲ್ಲಿದ್ದ ಹಸಿರು ಡಬ್ಬಕ್ಕೆ ಹಾಕಿದ್ದರು. ಊರಲ್ಲಿ ಅಂಥ ನಲವತ್ತು ಡಬ್ಬಗಳಿವೆ. ಅದರಲ್ಲಿ ಬಿದ್ದ ಫೋನುಗಳನ್ನು ಡ್ರಿಲ್ ಯಂತ್ರದಿಂದ ಕೊರೆದು, ಲೋಹ ಕರಗಿಸುವ ಕಾರ್ಖಾನೆಗೆ ಕೊಡುತ್ತಾರೆ. ಬಂದ ದುಡ್ಡಿನಲ್ಲಿ ದೊಡ್ಡಾಸ್ಪತ್ರೆಯ ಹಿಂದಿನ ಮನೆಯೊಂದು ನಡೆಯುತ್ತದೆ. ದೂರದಿಂದ ಕ್ಯಾನ್ಸರ್ ಚಿಕಿತ್ಸೆಗೆ ಬಂದವರ ಮನೆಮಂದಿ ಅಲ್ಲಿ ಬಾಡಿಗೆಯಿಲ್ಲದೆ ಇರಬಹುದು. ಡಬ್ಬದ ಮೇಲೆ ದಪ್ಪ ಅಕ್ಷರದಲ್ಲಿ ಬರೆದಿದೆ: ಒಳಗೇನಿದೆ ಎಂದು ಯಾರೂ ನೋಡುವುದಿಲ್ಲ.

"ನೋಡಿದಾರಲ್ಲ ಸಾರ್," ಎಂದರು ಗುಮಾಸ್ತರು. "ಇವತ್ತು ದನಿ ಕಳಿಸಿದವನು ನಾಳೆ ಇನ್ನೇನು ಕಳಿಸ್ತಾನೋ."

"ದನಿ ಕೇಳಿದ್ರಾ?"

"ಇಲ್ಲ. ಕಂಪ್ಯೂಟರಿಗೆ ಹಾಕಿದ್ರೆ ವೈರಸ್ಸು ಬರುತ್ತೆ ಅಂತ..." ಎನ್ನುತ್ತ ಅವರು ನೆಲ ನೋಡಿದರು. ವೈರಸ್ಸಿಗೆ ಹೆದರುವವರು ನೆಲ ನೋಡುವುದಿಲ್ಲ ಎಂಬುದು ಸಾಹೇಬರಿಗೆ ಗೊತ್ತಿತ್ತು. ಅವರು ಮತ್ತೆ ಪೆನ್ನಿನ ಕ್ಯಾಪ್ ತೆಗೆದರು. 11.05ಕ್ಕೆ ಎಫ್‌ಐಆರ್ ದಾಖಲಾಯಿತು.

ಮಧ್ಯಾಹ್ನ 12.30ಕ್ಕೆ ಸಾಹೇಬರು ಆ ಮನೆಗೆ ಹೋದರು. ಜೊತೆಗೆ ಹೆಡ್ ಕಾನ್‌ಸ್ಟೇಬಲ್ ಇದ್ದರು. ಒಮ್ಮೆ ಕೇಳಿದ ನಂಬರು ಈ ಹೆಂಗಸಿಗೆ ಜನ್ಮದಲ್ಲಿ ಮರೆಯುವುದಿಲ್ಲ, ಅದಕ್ಕೇ ಠಾಣೆಯಲ್ಲಿ ಅವರನ್ನು ಕಂಪ್ಯೂಟರಕ್ಕ ಅನ್ನುತ್ತಾರೆ. ಮನೆಯಲ್ಲಿ ಒಂಬತ್ತು ಕೋಣೆ, ಒಂದು ಅಡುಗೆಮನೆ, ಹಜಾರದಲ್ಲಿ ಉದ್ದನೆಯ ಮೇಜು, ಅದರ ತುದಿಗೆ ಡ್ರಿಲ್ ಯಂತ್ರ. ನಡೆಸುವಾಕೆ ಅರವತ್ತಾರರ ನಿವೃತ್ತ ನರ್ಸು, ಎಲ್ಲರ ಬಾಯಲ್ಲೂ ಸಿಸ್ಟರ್. ವಿಷಯ ಕೇಳುತ್ತಿದ್ದಂತೆ ಆಕೆಯ ಮುಖ ಬಿಳಿಚಿಕೊಂಡಿತು. ಡಬ್ಬಗಳಿಗೆ ಅನುಮತಿ ಕೊಟ್ಟ ಆಸ್ಪತ್ರೆಯ ಆಡಳಿತ ಸಮಿತಿಗೆ ಗುಮಾಸ್ತರು ಆಗಲೇ ಒಂದು ಪತ್ರ ಹಾಕಿದ್ದರಂತೆ. ಶನಿವಾರ ಹನ್ನೊಂದಕ್ಕೆ ಸಭೆ. ಯಾರು ಮಾಡಿದ್ದು, ಏನೇನು ಹೊರಗೆ ಹೋಗಿದೆ ಎಂದು ಅಷ್ಟರೊಳಗೆ ಹೇಳದಿದ್ದರೆ ನಲವತ್ತೂ ಡಬ್ಬ ಎತ್ತಿಸುತ್ತಾರೆ.

"ಡಬ್ಬ ಹೋದ್ರೆ ಈ ಮನೆ ಎರಡು ತಿಂಗಳು ನಡೆಯಲ್ಲ ಸಾರ್," ಎಂದರು ಸಿಸ್ಟರ್. "ಒಂಬತ್ತು ಕೋಣೇಲೂ ಜನ ಇದಾರೆ. ಆರನೇ ಕೋಣೆ ಮಗೂಗೆ ಇನ್ನೂ ನಾಲ್ಕು ಸಲ ಔಷಧಿ ಹಾಕೋದಿದೆ. ಎಲ್ಲಿಗೆ ಹೋಗು ಅನ್ಲಿ?"

ಕೆಲಸದ ಕ್ರಮವನ್ನು ಸಾಹೇಬರು ಕೇಳಿ ಬರೆದುಕೊಂಡರು. ಫೋನು ಕೊಡುವವರು ಒಂದು ಚೀಟಿ ತುಂಬಿ ಅದಕ್ಕೆ ರಬ್ಬರ್ ಬ್ಯಾಂಡ್ ಹಾಕಿ ಡಬ್ಬಕ್ಕೆ ಬಿಡುತ್ತಾರೆ. ಹೆಸರು, ವಿಳಾಸ, ಫೋನ್ ನಂಬರು, ಇಷ್ಟವಿದ್ದರೆ 'ಯಾರ ನೆನಪಿಗಾಗಿ' ಎಂಬ ಒಂದು ಸಾಲು. ವ್ಯಾನಿನಲ್ಲಿ ಡಬ್ಬ ಬರುತ್ತದೆ, ಫೋನು ಮೇಜಿಗೆ ಹೋಗುತ್ತದೆ, ಪರದೆಯ ನಡುಮಧ್ಯೆ ತೂತು ಬೀಳುತ್ತದೆ, ಫೋನಿಗೂ ಚೀಟಿಗೂ ಒಂದೇ ನಂಬರು ಹಚ್ಚಿ ಫೋನನ್ನು ಚೀಲಕ್ಕೆ ಹಾಕುತ್ತಾರೆ. ಚೀಟಿ ನೋಡಿಕೊಂಡು ಕೋಣೆಗಳ ಜನವೇ ಕೈಯಾರೆ ಧನ್ಯವಾದದ ಕಾರ್ಡು ಬರೆಯುತ್ತಾರೆ. ರಿಪೋರ್ಟಿಗೆ ಕಾಯುತ್ತ ಸುಮ್ಮನೆ ಕೂತರೆ ಹೊತ್ತು ಹೋಗಬೇಕಲ್ಲ.

3.10ಕ್ಕೆ ಪಂಚನಾಮೆ ಶುರುವಾಯಿತು. ಪಂಚರಾಗಿ ನಿಂತವರು ಅಡುಗೆಯಾಕೆ ಮತ್ತು ಏಳನೇ ಕೋಣೆಯ ಯಜಮಾನರು. ಹಜಾರದಲ್ಲಿ ಹಾಸಿದ ಬಟ್ಟೆಯ ಮೇಲೆ ಚೀಲ ಸುರಿದರು. 214 ಫೋನು. ಸಾಹೇಬರು ಕುಕ್ಕರಗಾಲಲ್ಲಿ ಕೂತು ಒಂದೊಂದನ್ನೇ ತಿರುವಿ ನೋಡಿದರು. ಮಂಡಿ ನೋವಿನ ಮನುಷ್ಯ, ಬಾಯಿಬಿಟ್ಟು ಹೇಳಿಕೊಳ್ಳುವವರಲ್ಲ. ಹೆಚ್ಚಿನ ಫೋನುಗಳಿಗೆ ಪರದೆಯ ಮೇಲೆ ಅಡ್ಡಾದಿಡ್ಡಿ ತೂತು. ಆದರೆ ಕೆಲವಕ್ಕೆ ಪರದೆ ಹಾಗೇ ಇತ್ತು, ತೂತು ಹಿಂಬದಿಯಿಂದ ನೆಟ್ಟಗೆ ಬಿದ್ದಿತ್ತು. ಅಂಥವನ್ನು ಬೇರೆ ಇಟ್ಟು ಎಣಿಸಿದರೆ ಇಪ್ಪತ್ತಾರು. ಸಾಹೇಬರು ಒಂದನ್ನು ಕಿಟಕಿಯ ಬೆಳಕಿಗೆ ಹಿಡಿದರು.

"ಅಕ್ಕಾ, ಇದನ್ನ ಬಿಚ್ಚಿದಾರೆ. ಬಿಚ್ಚಿ ಮತ್ತೆ ಸ್ಕ್ರೂ ಹಾಕಿದಾರೆ. ಒಂದು ಸ್ಕ್ರೂ ಹೊಸದು."

"ಕರಗಿಸೋ ಫೋನಿಗೆ ಹೊಸ ಸ್ಕ್ರೂ ಯಾವ ಪುಣ್ಯಾತ್ಮ ಹಾಕ್ತಾನೆ ಸಾರ್?"

"ಕೈಗೆ ಅದೇ ಅಭ್ಯಾಸ ಆಗಿರೋನು," ಎಂದರು ಸಾಹೇಬರು. ಇಲ್ಲಿ ರಿಪೇರಿ ಗೊತ್ತಿದ್ದವರು ಯಾರು ಎಂದು ಸಿಸ್ಟರನ್ನು ಕೇಳಿದರೆ, ಯಾರೂ ಇಲ್ಲ ಎಂಬ ಉತ್ತರ ಬಂತು. ಅಡುಗೆಯಾಕೆ, ವಾರಕ್ಕೆರಡು ದಿನ ಬರುವ ಇಬ್ಬರು ಕಾಲೇಜು ಹುಡುಗಿಯರು, ಡಬ್ಬ ತರುವ ವ್ಯಾನಣ್ಣ, ಇಷ್ಟೇ ಜನ.

ಬುಧವಾರ ಕಂಪ್ಯೂಟರಕ್ಕ ಆ ಇಪ್ಪತ್ತಾರು ಚೀಟಿ ಹಿಡಿದು ಫೋನಿಗೆ ಕೂತರು. ಇಪ್ಪತ್ತಾರರಲ್ಲೂ 'ಯಾರ ನೆನಪಿಗಾಗಿ' ಎಂಬ ಸಾಲು ತುಂಬಿತ್ತು. ಇಪ್ಪತ್ತಾರು ಮನೆಗೂ ಲಕೋಟೆ ತಲುಪಿತ್ತು. ಗುಮಾಸ್ತರ ಹೊರತು ಇನ್ನೊಬ್ಬರು ದೂರು ಕೊಟ್ಟಿರಲಿಲ್ಲ. ಅದು ಸಿಸ್ಟರ್ ಮನೆಯವರದೇ ದೊಡ್ಡತನ ಅಂದುಕೊಂಡು ಎಷ್ಟೋ ಜನ ಹೊಗಳಿದ್ದೇ ಹೊಗಳಿದ್ದು. ಒಬ್ಬ ಅಜ್ಜಿಯಂತೂ ಸತ್ತ ಮೊಮ್ಮಗಳು ಫೋನಿನಲ್ಲಿ ಹಾಡಿಟ್ಟಿದ್ದನ್ನು ದಿನಾ ಕೇಳುತ್ತಾರಂತೆ. ಕಳಿಸಿದವರಿಗೆ ನೂರು ವರ್ಷ ಆಯಸ್ಸು ಅಂತ ಹೇಳಮ್ಮ ಎಂದು ಪೊಲೀಸರ ಕೈಯಲ್ಲೇ ಆಶೀರ್ವಾದ ಕಳಿಸಿದರು. ಆರೋಪಿಗೆ ಬಂದ ಆಶೀರ್ವಾದವನ್ನು ಯಾವ ಕಾಲಮಿನಲ್ಲಿ ಬರೆಯುವುದು ಎಂದು ಕಂಪ್ಯೂಟರಕ್ಕ ತಲೆ ಕೆರೆದುಕೊಂಡರು. ಆದರೆ ಒಬ್ಬ ಹೆಂಗಸು ಮಾತ್ರ, ಈಗಷ್ಟೇ ರಾತ್ರಿ ನಿದ್ದೆ ಹತ್ತುತ್ತಿತ್ತು, ಗಂಡನ ದನಿ ಕೇಳಿ ಮೂರು ವಾರದಿಂದ ಕಣ್ಣು ಮುಚ್ಚಿಲ್ಲ, ನನ್ನನ್ನೊಂದು ಮಾತು ಕೇಳಬಾರದಿತ್ತಾ ಎಂದು ಅತ್ತರು. ಅದನ್ನೂ ಬರೆದುಕೊಂಡರು.

ಅಂದು ಸಂಜೆ 4ಕ್ಕೆ ಗುಮಾಸ್ತರನ್ನು ಕರೆಸಿ, ಪಂಚರ ಎದುರು ಕಾರ್ಡು ಹಾಕಿ ಕೇಳಿಸಬೇಕಾಯಿತು. ಸಾಕ್ಷ್ಯ ಅಂದ ಮೇಲೆ ಒಳಗೇನಿದೆ ಎಂದು ದಾಖಲಾಗಬೇಕು. ಮುದುಕರ ದನಿ ಬಂತು, ಹಿಂದೆ ಆಸ್ಪತ್ರೆಯ ಗದ್ದಲ. "ಮೂರನೇ ಟೋಕನ್ ಸಿಕ್ಕಿದೆ ಕಣೋ. ನೀನು ಓಡಿ ಬರಬೇಡ, ನಿಧಾನಕ್ಕೆ ಊಟ ಮಾಡಿ ಬಾ." ಇಷ್ಟೇ. ಕಳಿಸಬೇಕೆಂದು ಹೇಳಿಟ್ಟು ಕಳಿಸಲು ಮರೆತದ್ದೋ ಏನೋ. ಗುಮಾಸ್ತರು ಮೇಜಿನ ಅಂಚು ಗಟ್ಟಿಯಾಗಿ ಹಿಡಿದುಕೊಂಡರು. ಕಂಪ್ಯೂಟರಕ್ಕ ಸದ್ದಿಲ್ಲದೆ ನೀರಿನ ಲೋಟ ತಳ್ಳಿದರು. ನೀರು ಕುಡಿದು ಗುಮಾಸ್ತರು ದೂರು ವಾಪಸು ತಗೋಬಹುದಾ ಎಂದು ಕೇಳಿದರು.

"ಎಫ್‌ಐಆರ್ ಆಗಿದೆ. ಆಗಲ್ಲ," ಎಂದರು ಸಾಹೇಬರು. ಆಮೇಲೆ, ಸಮಿತಿಗೆ ಇನ್ನೊಂದು ಪತ್ರ ಬರೆಯೋಕೆ ಯಾರ ಅಡ್ಡಿಯೂ ಇಲ್ಲ ಎಂದು ಸೇರಿಸಿದರು.

ಗುರುವಾರ ಸಾಹೇಬರು ಆ ಹೊಸ ಸ್ಕ್ರೂ ಹಿಡಿದು ಫೋನಿನ ಬಿಡಿಭಾಗ ಮಾರುವ ಓಣಿಗೆ ಹೋದರು. ನಾಲ್ಕು ಅಂಗಡಿಯವರು ಗೊತ್ತಿಲ್ಲ ಎಂದು ಕೈ ಆಡಿಸಿಬಿಟ್ಟರು. ಐದನೆಯವನು ಭೂತಗನ್ನಡಿ ಹಿಡಿದು ನೋಡಿ ನಕ್ಕ. ಇಂಥ ಹಳೆ ಸೈಜು ಈಗ ಕೇಳುವವನು ಒಬ್ಬನೇ, ನಮ್ಮ ಒಂಟಿಗಾಜು ಎಂದ. ಆತ ಮೆಟ್ಟಿಲ ಕೆಳಗೆ ಇಪ್ಪತ್ತೆರಡು ವರ್ಷ ಫೋನು, ಗಡಿಯಾರ ರಿಪೇರಿ ಮಾಡಿದವನು. ಯಾವಾಗ ನೋಡಿದರೂ ಒಂದು ಕಣ್ಣಿಗೆ ಗಾಜು ಸಿಕ್ಕಿಸಿಕೊಂಡಿರುತ್ತಿದ್ದ. ಹೆಂಡತಿಗೆ ಕಾಯಿಲೆ ಎಂದು ಅಂಗಡಿ ಮುಚ್ಚಿದ. ಈಗ ಯಾವುದೋ ವ್ಯಾನ್ ಓಡಿಸುತ್ತಾನೆ.

ಸಾಹೇಬರು ಅಲ್ಲಿಂದಲೇ ಸಿಸ್ಟರಿಗೆ ಕರೆ ಮಾಡಿದರು. ವ್ಯಾನಣ್ಣನ ಹೆಂಡತಿ ನಾಲ್ಕನೇ ಕೋಣೆಯಲ್ಲಿ ಹನ್ನೊಂದು ತಿಂಗಳು ಇದ್ದು ತೀರಿಕೊಂಡವರು. ಆತ ಅಂಗಡಿ ಇತ್ತು ಅಂದಿದ್ದರು, ಏನಂಗಡಿ ಎಂದು ತಾನು ಕೇಳಲೇ ಇಲ್ಲ, ಎಂದರು ಸಿಸ್ಟರ್.

ಶುಕ್ರವಾರ ಸಂಜೆ 4.50. ಸೈಕಲ್ ಅಂಗಡಿಯ ಮೇಲಿನ ಒಂದೇ ಕೋಣೆ. ಬಾಗಿಲು ತೆಗೆದ ಐವತ್ತೆಂಟರ ಮನುಷ್ಯ ಸಮವಸ್ತ್ರ ನೋಡಿ ಒಳಗೆ ಬನ್ನಿ ಎಂದು ದಾರಿ ಬಿಟ್ಟರು, ಬರುವ ನೆಂಟರನ್ನು ಕಾಯುತ್ತಿದ್ದವರ ಹಾಗೆ. ಕಿಟಕಿಯ ಹತ್ತಿರ ಬೆಂಚು, ದೀಪ, ಚಿಮಟ. ವಾರದ ಏಳು ದಿನಕ್ಕೆ ಏಳು ಗೂಡಿರುವ ಮಾತ್ರೆ ಡಬ್ಬಿಯಲ್ಲಿ ಸ್ಕ್ರೂಗಳು ಸೈಜಿನ ಪ್ರಕಾರ ಕೂತಿದ್ದವು. ಜಪ್ತಿ ಪಂಚನಾಮೆಯಲ್ಲಿ ಎಲ್ಲವೂ ದಾಖಲಾದವು.

"ಎಷ್ಟು ಫೋನು?"

"ಇಪ್ಪತ್ತಾರು ಸಾರ್."

"ಯಾವಾಗ ತೆಗೀತಿದ್ರಿ?"

"ಡಬ್ಬ ರಾತ್ರಿ ವ್ಯಾನಲ್ಲೇ ಇರುತ್ತೆ. ನೆನಪಿಗಾಗಿ ಅಂತ ಬರೆದಿರೋದು ಮಾತ್ರ. ಬೆಳಿಗ್ಗೆ ನಾನೇ ಕೊರೆದು ಚೀಲಕ್ಕೆ ಹಾಕ್ತಿದ್ದೆ."

"ಕಾಪಿ ಇಟ್ಕೊಂಡಿದೀರಾ? ಮಾರಿದ್ದು?"

"ಒಂದೂ ಇಲ್ಲ. ದನಿ, ಫೋಟೋ ಬಿಟ್ಟು ಇನ್ನೇನೂ ಮುಟ್ಟಿಲ್ಲ."

"ಸ್ಕ್ರೂ ಯಾಕೆ ವಾಪಸ್ ಹಾಕಿದ್ರಿ?"

ಆತನಿಗೆ ಪ್ರಶ್ನೆಯೇ ಅರ್ಥವಾದಂತಿರಲಿಲ್ಲ. "ತೆಗೆದ ಮೇಲೆ ಹಾಕ್ಬೇಕಲ್ಲ ಸಾರ್."

ಉಳಿದದ್ದನ್ನು ಕೇಳದೆಯೇ ಹೇಳಿದರು. ಹೆಂಡತಿ ತೀರಿದ ಮಾರನೇ ದಿನ ಅವಳ ಫೋನನ್ನು ತಾನೇ ಒಯ್ದು ಮೇಜಿನ ಮೇಲಿಟ್ಟು, ಎದುರೇ ನಿಂತು ಕೊರೆಸಿದ್ದರು. ಆ ಮನೆಯ ಋಣ ಇಷ್ಟಾದರೂ ತೀರಲಿ ಎಂದು ಮನಸಾರೆ ಕೊಟ್ಟದ್ದು. ಡಾಕ್ಟರು ಹೇಳಿದ್ದು ಮರೆತೀತು ಎಂದು ಅವಳು ದಿನಾ ಅದನ್ನು ಫೋನಿನಲ್ಲಿ ಮಾತಾಡಿ ಇಡುತ್ತಿದ್ದಳು, ಸಂಜೆ ಗಂಡನಿಗೆ ಕೇಳಿಸುತ್ತಿದ್ದಳು. ಹನ್ನೊಂದು ತಿಂಗಳ ಮಾತು. ಮನೆಗೆ ಬಂದು ಬೀಗ ತೆಗೆಯುವಾಗ ಅದು ನೆನಪಾಯಿತು.

"ಕೊಟ್ಟಿದ್ದಕ್ಕೆ ಇವತ್ತಿಗೂ ಬೇಜಾರಿಲ್ಲ ಸಾರ್. ಆದ್ರೆ ನಮ್ಮನ್ನ ಹನ್ನೊಂದು ತಿಂಗಳು ಇಟ್ಕೊಂಡಿದ್ದು ಯಾರು? ಮುಖ ನೋಡದ ಜನ, ಫೋನ್ ಹಾಕ್ದೋರು. ಅವರಿಗೆ ನಾನೇನು ಕೊಡ್ಲಿ? ನನಗೆ ಬರೋದು ಇದೊಂದೇ ಕೆಲಸ."

"ಸಿಸ್ಟರನ್ನ ಕೇಳಬಹುದಿತ್ತು."

"ಬೇಡ ಅಂತಿದ್ರು. ಅವರು ಜನಕ್ಕೆ ಮಾತು ಕೊಟ್ಟೋರು. ಅದಕ್ಕೇ ಕೇಳಲಿಲ್ಲ."

ಸಾಹೇಬರು ಹಾಡು ಕೇಳುವ ಅಜ್ಜಿಯ ವಿಷಯ ಹೇಳಿದರು. ನಿದ್ದೆ ಕಳೆದುಕೊಂಡ ಹೆಂಗಸಿನ ವಿಷಯವನ್ನೂ ಹೇಳಿದರು. ಮೊದಲನೆಯದಕ್ಕೆ ಅರಳಿದ ಆತನ ಮುಖ ಎರಡನೆಯದಕ್ಕೆ ಬಾಡಿಹೋಯಿತು. ಬೆಂಚಿನ ಮೇಲೆ ಕುಸಿದು ಕೂತು ಕೇಳಿದ್ದು ಒಂದೇ ಮಾತು, ನನ್ನಿಂದ ಡಬ್ಬ ತೆಗೀತಾರಾ ಸಾರ್ ಎಂದು. ನಾಳೆ ಸಭೆ ಇದೆ ಎಂದರು ಸಾಹೇಬರು. 5.40ಕ್ಕೆ ದಸ್ತಗಿರಿ ಆಯಿತು. ಯಾರಿಗೆ ತಿಳಿಸಬೇಕು ಎಂದು ಕೇಳಿದಾಗ ಆತ ಬಹಳ ಯೋಚಿಸಿ, ಸಿಸ್ಟರ್ ಬಿಟ್ಟು ನನಗ್ಯಾರಿದ್ದಾರೆ ಎಂದರು. ಸಾಹೇಬರು ಕರೆ ಮಾಡಿ ತಿಳಿಸಿದರು. ಸಿಸ್ಟರ್ ಪೂರ್ತಿ ಕೇಳಿಸಿಕೊಂಡು ಫೋನ್ ಇಟ್ಟರು. ಠಾಣೆಯಲ್ಲೇ ಜಾಮೀನು ಸಿಗುವ ಅಪರಾಧ, ಆದರೆ ಜಾಮೀನಿಗೆ ಯಾರೂ ಬರಲಿಲ್ಲ.

ಶನಿವಾರ ಹನ್ನೊಂದಕ್ಕೆ ಸಾಹೇಬರು ಸಮಿತಿಯ ಮುಂದೆ ತನಿಖೆಯ ವರದಿ ಓದಿದರು. ಇಪ್ಪತ್ತಾರು ಫೋನು, ಇಪ್ಪತ್ತಾರು ಕಾರ್ಡು, ಬೇರೆ ಪ್ರತಿ ಇಲ್ಲ, ಮಾರಾಟ ಇಲ್ಲ. ಒಬ್ಬರಿಗೆ ನೋವಾಗಿದೆ ಎಂಬುದನ್ನು ಮುಚ್ಚಿಡಲಿಲ್ಲ. ಅಧ್ಯಕ್ಷರ ಮುಂದೆ, ಡಬ್ಬ ಉಳಿಸಿ ಎಂದು ಲಕೋಟೆ ಸಿಕ್ಕ ಮನೆಗಳವರು ಬರೆದ ಹತ್ತೊಂಬತ್ತು ಪತ್ರಗಳಿದ್ದವು, ಮೇಲಿನದು ಗುಮಾಸ್ತರದು. ಸಭೆ ಮುಕ್ಕಾಲು ಗಂಟೆ ನಡೆಯಿತು. ಡಬ್ಬಗಳು ಉಳಿದವು. ಚೀಟಿಗೆ ಇನ್ನೊಂದು ಸಾಲು ಸೇರಿಸಲು ತೀರ್ಮಾನವಾಯಿತು: ಒಳಗಿನ ದನಿ, ಫೋಟೋ ನಿಮಗೆ ಬೇಕೇ, ಬೇಡವೇ? ಸಾಹೇಬರು ಹೊರಗೆ ಬಂದು ಜೀಪಿನ ಬಾಗಿಲು ಹಿಡಿದು ಒಂದು ಗಳಿಗೆ ನಿಂತರು. ಎದೆ ಹಗುರವಾಗಿತ್ತು. ಯಾರಿಗೆ ಥ್ಯಾಂಕ್ಸ್ ಹೇಳುವುದೋ ತಿಳಿಯದೆ ಜೀಪಿನ ಡ್ರೈವರಿಗೇ ಹೇಳಿಬಿಟ್ಟರು. ಆತ ಕಕ್ಕಾಬಿಕ್ಕಿಯಾದ.

1.15ಕ್ಕೆ ಸಿಸ್ಟರ್ ಠಾಣೆಗೆ ಬಂದರು. ಬೆಂಚಿನಿಂದ ಎದ್ದು ನಿಂತ ಆರೋಪಿಯ ಮುಂದೆ ಹೋಗಿ ನಿಂತರು.

"ಯಾರೂ ನೋಡಲ್ಲ ಅಂತ ಊರಿಗೆಲ್ಲ ಹೇಳಿದ್ದೆ. ನನ್ನ ಮಾತು ಮುರಿಸಿಬಿಟ್ರಿ."

"ಹೌದು ಸಿಸ್ಟರ್."

"ಡಬ್ಬದ ಬೀಗದಕೈ ಇನ್ನು ನಿಮ್ಮ ಕೈಗೆ ಕೊಡಲ್ಲ."

"ಸರಿ ಸಿಸ್ಟರ್. ಡಬ್ಬ ಇದೆಯಲ್ಲ, ಸಾಕು."

ಆಕೆ ಕಣ್ಣೊರೆಸಿಕೊಂಡು ಸಾಹೇಬರ ಕಡೆ ತಿರುಗಿ, ಜಾಮೀನಿನ ಕಾಗದ ಎಲ್ಲಿ ಎಂದರು. ಕಂಪ್ಯೂಟರಕ್ಕ ಕೊಟ್ಟರು. ಸಿಸ್ಟರ್ ಹೆಸರು, ವಯಸ್ಸು, ವಿಳಾಸ ಬರೆದರು. 'ಆರೋಪಿಗೆ ಏನಾಗಬೇಕು' ಎಂಬ ಕಾಲಮಿಗೆ ಬಂದಾಗ ಪೆನ್ನು ನಿಂತಿತು. ಆಮೇಲೆ ಸ್ಪಷ್ಟವಾಗಿ ಬರೆದರು: ಅಕ್ಕ.

ಕಂಪ್ಯೂಟರಕ್ಕ ಅದನ್ನು ಓದಿ ಸಾಹೇಬರ ಮುಖ ನೋಡಿದರು. ಸಾಹೇಬರು ಕಾಗದ ಎಳೆದುಕೊಂಡು ಮೇಲಿಂದ ಕೆಳಗೆ ಓದಿದರು, ಸೀಲು ಒತ್ತಿದರು, ಕೆಳಗೆ 1.35 ಎಂದು ಸಮಯ ಹಾಕಿದರು.