ಸಣ್ಣ ಮೇಸ್ತ್ರಿಯ ತಲೆಗೆ ಹತ್ತದ ಪಾಠ

"ಅಯ್ಯಯ್ಯೋ, ಮೊಳೆ ಹೊಡೀಬೇಡ್ರೀ!"

ಹೆಗಲ ಮೇಲಿನ ಬ್ಯಾಗನ್ನೂ ಇಳಿಸದೆ ಒಬ್ಬ ಓಡಿ ಬರುತ್ತಿದ್ದ. ಸಣ್ಣ ಮೇಸ್ತ್ರಿ ಎತ್ತಿದ ಸುತ್ತಿಗೆಯನ್ನು ಎತ್ತಿದ ಹಾಗೇ ಹಿಡಿದು ನಿಂತಳು. ಅಪ್ಪನಿಗೆ ಮಂಡಿನೋವು ಬಂದ ಮೇಲೆ ಸೆಂಟ್ರಿಂಗ್ ಕೆಲಸವೆಲ್ಲ ಅವಳದೇ. ಹಲಗೆ ಕಟ್ಟಿ ಕಾಂಕ್ರೀಟಿಗೆ ಅಚ್ಚು ಮಾಡುವುದು, ಗಟ್ಟಿಯಾದ ಮೇಲೆ ಬಿಚ್ಚುವುದು, ಇದನ್ನು ನೋಡುತ್ತಲೇ ಬೆಳೆದವಳು. ಅವಳಿಗೇ ಮೊಳೆ ಹೊಡೀಬೇಡ ಅನ್ನೋಕೆ ಯಾವನಪ್ಪ ಇವನು?

"ಮತ್ತೇನು, ಗೋಂದು ಹಚ್ಚಿ ಅಂಟಿಸ್ಲಾ?"

ಆಳುಗಳು ಗೊಳ್ಳೆಂದರು. ಅವನೂ ನಕ್ಕ. ನಕ್ಕಾಗ ಎಡಗೆನ್ನೆಯಲ್ಲೊಂದು ಗುಳಿ ಬಿತ್ತು. ನೋಡಬಾರದಿತ್ತು, ನೋಡಿಬಿಟ್ಟಳು.

"ಈ ಪ್ಲಾಸ್ಟಿಕ್ ಪ್ಯಾನೆಲ್‌ಗೆ ಮೊಳೆ ಬೇಡ. ಹಿಂದೆ ಹಿಡಿ ಇದೆಯಲ್ಲ, ತಿರುಗಿಸಿ. ಪಕ್ಕದ್ದನ್ನ ಕಚ್ಚಿಕೊಳ್ಳುತ್ತೆ. ತೊಳೆದು ಮತ್ತೆ ಮತ್ತೆ ಬಳಸಬಹುದು." ಆಮೇಲೆ ಆಗಲೇ ತೂತಾಗಿದ್ದ ಮೂರು ಪ್ಯಾನೆಲ್‌ಗಳ ಕಡೆ ನೋಡಿ, "ಇವುಗಳಿಗೆ ಮಾತ್ರ ಮೋಕ್ಷ ಸಿಕ್ಕಿತು," ಅಂದ.

ಪ್ಲಾಸ್ಟಿಕ್ ಪ್ಯಾನೆಲ್ ಬಾಡಿಗೆಗೆ ಕೊಡುವ ಕಂಪನಿ, ಕೆಲಸ ಕಲಿಸಿಕೊಡಲೆಂದು ಅವನನ್ನು ಕಳಿಸಿತ್ತು. ಬಸ್ಸು ಕೆಟ್ಟು ತಡವಾಗಿ ಬಂದಿದ್ದ. ಸಂಜೆಯೊಳಗೆ ಆಳುಗಳು ಅವನಿಗೆ ಪ್ಲಾಸ್ಟಿಕ್ ಮೇಷ್ಟ್ರು ಅಂತ ಹೆಸರಿಟ್ಟರು.

ಕಟ್ಟುತ್ತಿದ್ದುದು ಒಬ್ಬ ಟೈಲರಮ್ಮನ ಮನೆ. ಕೆಳಗೆ ಅಂಗಡಿ, ಮೇಲೆ ಮನೆ ಅಂತ ಆಕೆಯ ಆಸೆ. ಅಚ್ಚನ್ನು ಪ್ಲೈವುಡ್ಡಿನಲ್ಲಿ ಮಾಡಿದರೆ ಮೇಲಿನ ಮನೆ ಆಕೆಯ ಕೈಗೆ ಎಟುಕುತ್ತಿರಲಿಲ್ಲ. ಪ್ಲೈವುಡ್ಡು ನಾಲ್ಕಾರು ಸಲಕ್ಕೆ ಸಿಪ್ಪೆ ಏಳುತ್ತದೆ, ಮತ್ತೆ ಹೊಸದು ತರಬೇಕು. ಈ ಪ್ಯಾನೆಲ್ ನೀರಿಗೆ ಉಬ್ಬುವುದಿಲ್ಲ, ಒಬ್ಬರೇ ಎತ್ತಬಹುದು, ಕಾಂಕ್ರೀಟೂ ನುಣ್ಣಗೆ ಬರುತ್ತದೆ. ಅದನ್ನೇ ನಂಬಿ ಸಣ್ಣ ಮೇಸ್ತ್ರಿ ಕಡಿಮೆಗೆ ಕೆಲಸ ಒಪ್ಪಿಕೊಂಡಿದ್ದಳು. ಅವಳು ಸ್ವಂತವಾಗಿ ಹಿಡಿದ ಮೊದಲ ಕೆಲಸ ಅದು. ಇದು ಕೆಟ್ಟರೆ ಇನ್ನೊಂದನ್ನು ಯಾರೂ ಕೊಡುವುದಿಲ್ಲ.

ಪಾಠವೇನೋ ಒಂದೇ ದಿನಕ್ಕೆ ಬಂತು. ಆದರೂ ಮಾರನೇ ದಿನ ಬೆಳಗ್ಗೆ ಅವಳೇ ಹೋಗಿ, "ಮೇಷ್ಟ್ರೇ, ಹಿಡಿ ಎಡಕ್ಕೋ ಬಲಕ್ಕೋ?" ಅಂದಳು.

ಅವನು ಪಕ್ಕದಲ್ಲಿ ನಿಂತು ತೋರಿಸಿದ. ಬೆರಳಿಗೆ ಬೆರಳು ತಾಗಿತು. ಇಬ್ಬರೂ ಪ್ಯಾನೆಲ್ಲನ್ನೇ ನೋಡುತ್ತ ನಿಂತರು, ಅದರಲ್ಲಿ ಏನೋ ಬರೆದಿದೆ ಅನ್ನುವ ಹಾಗೆ. ಅದರ ಮಾರನೇ ದಿನವೂ ಅವಳಿಗೆ ಮರೆತುಹೋಯಿತು.

"ಏನಮ್ಮಾ," ಅಂದ ಅಪ್ಪ, ಕುರ್ಚಿ ಹಾಕಿಕೊಂಡು ಕೂತಿದ್ದವನು. "ಆಳುಗಳಿಗೆಲ್ಲ ನೀನೇ ಕಲಿಸಿದೆ. ಮೇಷ್ಟ್ರು ಬಂದ ಕೂಡಲೆ ಮರೆವು ಬರುತ್ತಾ?"

"ಬಿಸಿಲಪ್ಪಾ. ತಲೆ ಸುತ್ತುತ್ತೆ."

"ಹೌದೌದು, ಸುಡು ಬಿಸಿಲು. ಆಕಾಶದ ತುಂಬ ಮೋಡ ಇದೆ, ನೋಡು."

ಕಂಬಗಳು ಮುಗಿದವು. ಇನ್ನು ಸ್ಲ್ಯಾಬಿಗೆ ಪ್ಯಾನೆಲ್ ಬರಬೇಕು, ಲಾರಿಯೇ ಇಲ್ಲ. ಟೈಲರಮ್ಮ ಎರಡು ಸಲ ಬಂದು, ಬೋಳು ಕಂಬಗಳನ್ನು ನೋಡಿ ಹೋದಳು. ಆ ಸಂಜೆ ಮರಳಿನ ರಾಶಿಯ ಹಿಂದಿನಿಂದ ಅವನು ಫೋನಿನಲ್ಲಿ ಮಾತಾಡುವುದು ಕೇಳಿಸಿತು.

"ಇಲ್ಲ ಸಾರ್, ಆ ಮೇಡಂ ಇನ್ನೂ ಕಲಿತಿಲ್ಲ. ಕೈ ಕೂತಿಲ್ಲ. ಇನ್ನೊಂದು ವಾರ ಬೇಕು."

ಕೆಲಸ ಕಲಿತವರಿಗೆ ಮಾತ್ರ ಮುಂದಿನ ಲೋಡು ಕಳಿಸುವುದು ಕಂಪನಿಯ ಪದ್ಧತಿ. ಅವಳಿಗೆ ಮೈಯೆಲ್ಲ ಉರಿದುಹೋಯಿತು.

"ಬನ್ನಿ ಇಲ್ಲಿ!"

ತೊಳೆದಿಟ್ಟ ಪ್ಯಾನೆಲ್‌ಗಳನ್ನು ಎಳೆದು, ಅವನ ಕಣ್ಣೆದುರೇ ಖಾಲಿ ನೆಲದ ಮೇಲೆ ಕಂಬದ ಅಚ್ಚು ನಿಲ್ಲಿಸಿದಳು. ಹಿಡಿಗಳು ಟಕಟಕ ಕಚ್ಚಿಕೊಂಡವು. ತೂಗುಗುಂಡು ಬಿಟ್ಟು ನೋಡಿದರೆ ಕೂದಲೆಳೆಯಷ್ಟೂ ಓರೆ ಇರಲಿಲ್ಲ.

"ಕೈ ಕೂತಿಲ್ವಾ ನನಗೆ? ಹೊಟ್ಟೆ ಮೇಲೆ ಹೊಡೀತಿದ್ದೀರಲ್ರೀ! ನಿಮ್ಮನ್ನ ಎಷ್ಟು ನಂಬಿದ್ದೆ." ಅಳು ಬಂತು. ಅಳು ಬಂದದ್ದಕ್ಕೆ ಇನ್ನಷ್ಟು ಸಿಟ್ಟು ಬಂತು.

ಅವನ ಮುಖ ಬಿಳಿಚಿಕೊಂಡಿತು. "ತಪ್ಪಾಯ್ತು. ನಿಮ್ಮ ಕೆಲಸ ನಿಲ್ಲುತ್ತೆ ಅಂತ ಯೋಚಿಸಲೇ ಇಲ್ಲ. ಕಲಿತರು ಅಂದ್ರೆ ನಾಳೆನೇ ಬೇರೆ ಊರಿಗೆ ಹಾಕ್ತಾರೆ. ನೀವೂ ದಿನಾ ಎಡಕ್ಕೋ ಬಲಕ್ಕೋ ಅಂತ ಕೇಳ್ತಿದ್ರಲ್ಲ... ನನಗೆ ಹೋಗೋಕೆ ಮನಸ್ಸೇ ಬರಲಿಲ್ಲ."

ಕಳ್ಳಿ ಸಿಕ್ಕಿಬಿದ್ದಿದ್ದಳು. ಕಿವಿ ಬಿಸಿಯಾಯಿತು.

"ನನಗೂ ಕಳಿಸೋಕೆ ಮನಸ್ಸಿಲ್ಲ," ಅಂದಳು ಮೆಲ್ಲಗೆ. ಆಮೇಲೆ ಕಣ್ಣೊರೆಸಿಕೊಂಡು, "ಆದ್ರೆ ಆಯಮ್ಮನ ಮನೆ ಏಳಬೇಕು. ಫೋನ್ ಮಾಡಿ," ಅಂದಳು.

ಅವನು ಅಲ್ಲೇ ಮಾಡಿದ. "ಸಾರ್, ನಾನು ಸುಳ್ಳು ಹೇಳಿದ್ದೆ. ಅವರು ಮೊದಲ ದಿನವೇ ಕಲಿತಿದ್ರು. ಲೋಡು ಕಳಿಸಿ." ಆ ಕಡೆಯ ಬೈಗುಳ ಅವಳಿಗೂ ಕೇಳಿಸಿತು. ಅವನು ತಲೆ ತಗ್ಗಿಸಿಕೊಂಡು ಪೂರ್ತಿ ಕೇಳಿಸಿಕೊಂಡ.

ಬೆಳಗ್ಗೆ ಲಾರಿ ಬಂತು. ಪ್ಯಾನೆಲ್ ಇಳಿಸಿದ ಮೇಲೆ ಅವನು ಅದೇ ಲಾರಿ ಹತ್ತಿ ಡ್ರೈವರ್ ಪಕ್ಕ ಕೂತ, ಕಿಟಕಿಯಿಂದ ತಲೆ ಹೊರಗೆ ಹಾಕಿದ.

"ಭಾನುವಾರ ಅಮ್ಮನ್ನ ಕರ್ಕೊಂಡು ಬರ್ತೀನಿ. ನಿಮ್ಮಪ್ಪನ ಹತ್ರ ಮಾತಾಡೋಕೆ."

"ಮದುವೆ ಆಗೋದು ಅಪ್ಪನ್ನಾ? ಕೇಳೋದಿದ್ರೆ ನನ್ನನ್ನ ಕೇಳಿ."

ಅವನು ತಬ್ಬಿಬ್ಬಾದ. ಅಷ್ಟರಲ್ಲಿ ಲಾರಿ ಹೊರಟೇಬಿಟ್ಟಿತು.

"ಆಗ್ತೀರಾ?" ಎಂಜಿನ್ ಸದ್ದನ್ನೂ ಮೀರಿ ಕೂಗಿದ.

"ಆಗ್ತೀನಿ ಕಣ್ರೀ!"

ಕೂಗಿದ ಮೇಲೇ ಗೊತ್ತಾದದ್ದು, ಕೆಲಸದವರೆಲ್ಲ ಕೈಯಲ್ಲಿದ್ದದ್ದನ್ನು ಬಿಟ್ಟು ಇತ್ತಲೇ ನೋಡುತ್ತಿದ್ದಾರೆ. ಅಪ್ಪನಂತೂ ಮಂಡಿನೋವು ಮರೆತು ಎದ್ದು ನಿಂತಿದ್ದ.

"ಏನು ನೋಡ್ತಿದ್ದೀರಾ? ಸ್ಲ್ಯಾಬ್ ನಿಮ್ಮಜ್ಜ ಬಂದು ಹಾಕ್ತಾನಾ?" ಅಂತ ರೇಗಿದಳು. ಅವಳ ಮುಖ ನೋಡಿ ಯಾರೂ ಹೆದರಲಿಲ್ಲ.