ಲೋಲಾಕ್ಷಿಯ ಐದು ಸೆಂಟ್ಸು

"ಮದುವೆಯಾದ್ಮೇಲೆ ನನ್ನ ಮನೆಯೇ ನಿಮ್ಮನೆ ಅಲ್ವೇನ್ರೀ?"

ಗಲ್ಫಿನ ಮತ್ರಾದ ಕಡಲದಂಡೆಯಲ್ಲಿ ದೊರೆಸ್ವಾಮಿ ಇದನ್ನು ಹೇಳುವಾಗ ಅವನ ಕಿವಿಯ ತುದಿ ಕೆಂಪಾಗಿತ್ತು. ಮೈಸೂರಿನ ಈ ಡ್ರಾಫ್ಟ್ಸ್‌ಮನ್ ಹಲ್ಲುನೋವೆಂದು ಲೋಲಾಕ್ಷಿ ಕೆಲಸಕ್ಕಿದ್ದ ಕ್ಲಿನಿಕ್ಕಿಗೆ ಬಂದವನು, ಹಲ್ಲು ಸರಿಯಾದ ಮೇಲೂ ಬರುತ್ತಲೇ ಇದ್ದ.

ಲೋಲಾಕ್ಷಿಯ ಮುಖ ಬಾಡಿತು. ವಾದಿ ಕಬೀರಿನ ತನ್ನ ಕೋಣೆಗೆಂದು ಟ್ಯಾಕ್ಸಿ ಹತ್ತಿಬಿಟ್ಟಳು.

ಪಾಪ, ಅವನಿಗೇನು ಗೊತ್ತು? ಮಂಗಳೂರಿನಾಚೆ ಅವಳ ಊರನ್ನೇ ಎಂಬತ್ತಾರರಲ್ಲಿ ಕಾರ್ಖಾನೆಗೆಂದು ಎಬ್ಬಿಸಿದ್ದರು. ಅವಳ ಕಡೆಯವರಲ್ಲಿ ಮನೆ ಹೆಣ್ಣಿಗೆ ಸೇರಿದ್ದು. ಅಜ್ಜಿಯಿಂದ ಅಮ್ಮನಿಗೆ, ಅಮ್ಮ ತೀರಿಕೊಂಡ ಮೇಲೆ ಅವಳಿಗೆ. ಪುನರ್ವಸತಿಯ ನಿಯಮಕ್ಕೆ ಅದೆಲ್ಲ ಬೇಕಿರಲಿಲ್ಲ. ಅಣ್ಣ ಕೊಗ್ಗ ಗಂಡಸು, ಅವನೊಂದು ಕುಟುಂಬ. ಅವನಿಗೆ ಮನೆ ಕಟ್ಟಲು ಐದು ಸೆಂಟ್ಸು ಜಾಗ. ಅವಳಿಗೆ ಆಫೀಸರು ನಗುತ್ತಲೇ ಹೇಳಿದ್ದರು: "ಮದುವೆಯಾದ ಮೇಲೆ ಗಂಡನ ಮನೆಯೇ ನಿನ್ನ ಮನೆ."

ಬಾಡಿಗೆ ಕೋಣೆಯಲ್ಲಿ ಆ ರಾತ್ರಿ ಎರಡೂ ದನಿಗಳು ಒಂದೇ ಆಗಿ ಕೇಳಿಸಿದವು.

ಮರುದಿನ ಕ್ಲಿನಿಕ್ಕಿನ ಬಾಗಿಲಲ್ಲಿ ದೊರೆಸ್ವಾಮಿ ನಿಂತಿದ್ದ. ಅವಳು ಎಲ್ಲವನ್ನೂ ಹೇಳಿದಳು.

"ನನಗೂ ಜಾಗ ಕೊಡಿ ಅಂತ ಊರಲ್ಲಿ ಕೇಸು ಹಾಕಿದ್ದೇನೆ. ತೀರ್ಪಿಗೆ ಮೊದಲು ಮದುವೆಯಾದ್ರೆ ಖಲಾಸ್."

"ಐದು ಸೆಂಟ್ಸಿಗಾ? ನಮ್ಮ ಹಿತ್ತಿಲೇ ಅದಕ್ಕಿಂತ ದೊಡ್ಡದು ರೀ!"

"ಅಲ್ಲಿ ಕೂತು ನಿಮ್ಮಮ್ಮನ ಸಂಡಿಗೆಗೆ ಕಾಗೆ ಓಡಿಸ್ಲಿಕ್ಕಾ?"

ಅವನು ನಕ್ಕ. ಅವಳು ನಗಲಿಲ್ಲ.

"ಇಲ್ಲಿ ಎಲ್ಲರೂ ಕೇಳ್ತಾರೆ, ಊರಲ್ಲಿ ಎಲ್ಲಿ ಅಂತ. ನಾನು ಹೆಸರು ಹೇಳ್ತೇನೆ. ಅಲ್ಲಿ ಈಗ ಎಂತ ಉಂಟು? ಕಾರ್ಖಾನೆಯ ಬೇಲಿ."

ಅವನು ಅವಳ ಕಣ್ಣು ನೋಡಲಾರದೆ ಕಿವಿಯೋಲೆಯನ್ನೇ ನೋಡುತ್ತ ನಿಂತ.

"ಕೇಸಿಗೆ ನೀವೇ ಊರಿಗೆ ಹೋಗ್ಬೇಕಾ?"

"ಊರಲ್ಲೇ ಇಲ್ಲದವಳಿಗೆ ಜಾಗ ಯಾಕೆ ಅಂತ ಕೇಳ್ತಾರಲ್ಲ. ಕೆಲಸ ಬಿಟ್ಟಿದ್ದೇನೆ."

ಅವಳು ಹೊರಡುವ ದಿನ ಸೀಬ್ ವಿಮಾನ ನಿಲ್ದಾಣಕ್ಕೆ ಅವನೇ ಕರೆತಂದ.

"ಸೋತ್ರೆ ಸೀದಾ ನನ್ನ ಹತ್ರ ಬನ್ನಿ," ಎಂದ.

"ಬರೋದಿಲ್ಲ ಮಾರಾಯ್ರೆ. ಬೇರೆ ಜಾಗ ಇಲ್ಲ ಅಂತ ನಿಮ್ಮಲ್ಲಿಗೆ ಬಂದ್ರೆ, ಆ ಆಫೀಸರು ಹೇಳಿದ್ದೇ ಸರಿ ಆಗ್ತದೆ. ಜಾಗ ಇದ್ದೂ, ನೀವೇ ಬೇಕು ಅಂತ ಬರ್ಬೇಕು ನಾನು."

ಹೇಳಿದ ಮೇಲೆ, ತಾನೇನು ಹೇಳಿಬಿಟ್ಟೆ ಎಂದು ಅವಳಿಗೆ ಹೊಳೆಯಿತು.

"ನಾನೇ ಬೇಕಾ?"

"ಇನ್ನೊಮ್ಮೆ ಕೇಳ್ಬೇಡಿ."

"ಎಷ್ಟು ಕಾಲ ಆಗುತ್ತೋ..."

"ಕೋರ್ಟಿನ ವಿಷಯ ಯಾರು ಹೇಳ್ತಾರೆ?" ಅವಳು ಬ್ಯಾಗೆತ್ತಿಕೊಂಡಳು. "ಬರ್ತೇನೆ."

ಹೊರಡುವವರೆಲ್ಲ ಹೇಳುವ ಮಾತು ಅದು. ಅವನು ತಲೆಯಾಡಿಸಿದ. ಗಾಜಿನ ಬಾಗಿಲು ಮುಚ್ಚಿಕೊಂಡ ಮೇಲೆ, ಅವನಿಗೆ ಕೇಳಿಸದಷ್ಟು ಮೆಲ್ಲಗೆ, ಲೋಲಾಕ್ಷಿ ಅದನ್ನೇ ಇನ್ನೊಮ್ಮೆ ಹೇಳಿದಳು.